ಇಬ್ಬರು ಮಾಡುವ ಕೆಲಸ

ಚಟ್ಟದ ಮುಂದಿನ ಬಿದಿರು ಮೆಕ್ಯಾನಿಕ್ ಬಬನನ ಹೆಗಲಿಗೆ ಬಂದದ್ದೇ ತಡ, ಟಿಪ್ನಿಸ್ ಸಾಹೇಬರು ಪಕ್ಕಕ್ಕೆ ಬಂದು ಹೆಜ್ಜೆ ಸೇರಿಸಿದರು. ಲಿಫ್ಟ್ ಕಂಪನಿಯ ಸೂಪರ್‌ವೈಸರು. ಸತ್ತ ದತ್ತಾರಾಮ ಘಾಡಿ ಬಾಡಿಗೆಗಿದ್ದ ಚಾಳ್‌ಗೆ ಅವರು ಕಾಲಿಟ್ಟದ್ದು ಇದೇ ಮೊದಲು.

"ಮಸಣದಲ್ಲಿ ಎರಡು ಮಾತು ನೀನೇ ಆಡು. ಕೊನೇ ಗಳಿಗೇಲಿ ಜೊತೆಗಿದ್ದೋನು ನೀನೇ ತಾನೆ?"

"ನಾನಾ?"

"ರಿಜಿಸ್ಟರಲ್ಲಿ ನಿನ್ನ ಸಹಿ ಇದೆಯಲ್ಲಪ್ಪ. ಬೇಡ ಅಂದ್ರೂ ಕೇಳದೆ ಲಿಫ್ಟಿನ ಗುಂಡಿಗೆ ಇಳಿದ ಅನ್ನು. ಅಷ್ಟು ಸಾಕು. ನಿನ್ನ ಕೆಲಸಕ್ಕೂ ಕುತ್ತಿಲ್ಲ."

ಹಿಂದಿನ ಬಿದಿರು ಹೊತ್ತಿದ್ದ ಶಿರ್ಕೆ, ಅವನೂ ಮೆಕ್ಯಾನಿಕ್ಕೇ, ಬಾಯಿ ಹಾಕಿದ: "ಸಾಹೇಬ್ರೇ, ಜೊತೆಗೊಬ್ಬನ್ನ ಕೊಡಿ ಅಂತ ಹನ್ನೊಂದು ವರ್ಷ ಬೇಡ್ಕೊಂಡ. ಇವತ್ತು ನೋಡಿ, ಒಟ್ಟಿಗೆ ನಾಲ್ಕು ಜನ."

ಸಾಹೇಬರು ಕೇಳಿಸದವರಂತೆ ಕರವಸ್ತ್ರದಿಂದ ಕತ್ತು ಒರೆಸಿಕೊಂಡರು.

*

ಲಿಫ್ಟಿನ ಗುಂಡಿಗೆ ಇಳಿಯುವಾಗ ಇಬ್ಬರಿರಬೇಕು. ಒಬ್ಬ ಕೆಳಗೆ; ಇನ್ನೊಬ್ಬ ಮೇಲೆ, ಲಿಫ್ಟನ್ನು ತಡೆದು ಕಾಯುವವನು. ಈ ನಿಯಮ ಆಫೀಸಿನ ಗೋಡೆಯ ಮೇಲೆ ದಪ್ಪಕ್ಷರದಲ್ಲಿತ್ತು. ಸಂಬಳ ಮಾತ್ರ ತೆಳುವಾಗಿತ್ತು. ಒಬ್ಬೊಬ್ಬನಿಗೆ ತಿಂಗಳಿಗೆ ಎಪ್ಪತ್ತು ಲಿಫ್ಟಿನ ತಪಾಸಣೆ. ಮುಗಿಸದವನ ಗುತ್ತಿಗೆ ಮುಗಿಯುತ್ತಿತ್ತು. ಹಾಗಾಗಿ ಇವರೇ ಉಪಾಯ ಕಂಡುಕೊಂಡಿದ್ದರು: ಒಂದನೇ ತಾರೀಕು ವಡಾಪಾವ್ ಅಂಗಡಿಯಲ್ಲಿ ಕೂತು, ಒಬ್ಬನ ರಿಜಿಸ್ಟರಿಗೆ ಇನ್ನೊಬ್ಬ ಇಡೀ ತಿಂಗಳ ಸಹಿ ಹಾಕಿಬಿಡುವುದು. ಕಾಗದದಲ್ಲಿ ಎಲ್ಲೆಡೆ ಇಬ್ಬರು, ಗುಂಡಿಯಲ್ಲಿ ಒಬ್ಬ. ಸಾಹೇಬರಿಗೆ ಗೊತ್ತಿತ್ತು. ಒಮ್ಮೆ ಅಲ್ಲೇ ನಿಂತು ಚಹಾವನ್ನೂ ಕುಡಿದಿದ್ದರು.

"ಹೆಂಡ್ತಿಗಿಂತ ನಿನ್ನ ಜೊತೆನೇ ಜಾಸ್ತಿ ಇದೀನಿ ಕಣೋ ಬಬ್ಯಾ," ಎಂದು ದತ್ತಾರಾಮ ಮೆಣಸಿನಕಾಯಿ ಕಚ್ಚುತ್ತಾ ನಗುತ್ತಿದ್ದ. "ಮುಖ ಮಾತ್ರ ತಿಂಗಳಿಗೊಂದ್ಸಲ ಕಾಣುತ್ತೆ."

ಮಂಗಳವಾರ ಅವನು ದಾದರಿನ ಕಟ್ಟಡವೊಂದರ ಗುಂಡಿಯಲ್ಲಿದ್ದಾಗ, ಒಂಬತ್ತನೇ ಮಹಡಿಯಲ್ಲಿ ಯಾರೋ ಲಿಫ್ಟ್ ಹತ್ತಿ ಕೆಳಗಿಳಿಯಲು ಬಟನ್ ಒತ್ತಿದರು. ತಡೆಯಲು ಮೇಲೆ ಯಾರೂ ಇರಲಿಲ್ಲ. ಬಬನ ಆಗ ಊರಿನ ಇನ್ನೊಂದು ತುದಿಯ ಮುಲುಂಡಿನಲ್ಲಿ ಮತ್ತೊಂದು ಗುಂಡಿಯೊಳಗಿದ್ದ. ಅಲ್ಲಿ ಅವನನ್ನು, ಕಾಗದದ ಪ್ರಕಾರ, ದತ್ತಾರಾಮ ಕಾಯುತ್ತಿದ್ದ.

*

ಚಿತೆ ಹೊತ್ತಿಕೊಂಡಿತು. ಪದ್ಧತಿಯಂತೆ ಜನ ಸುತ್ತ ನಿಂತರು. ಸಾಹೇಬರು, ದತ್ತಾರಾಮ ಕಂಪನಿಯ ಕುಟುಂಬದವನು ಎಂದರು. ಗುತ್ತಿಗೆ ಕುಟುಂಬ ಎಂದು ಯಾರೋ ಗೊಣಗಿದರು. ಆಮೇಲೆ ಎಲ್ಲರೂ ಬಬನನತ್ತ ತಿರುಗಿದರು.

ದತ್ತಾರಾಮನ ಹೆಂಡತಿ ಸುಲಭಾ, ಹಿರಿಯರು ಬೇಡವೆಂದರೂ ಬಂದಿದ್ದಳು. ತಪ್ಪು ಗಂಡನದೇ ಎಂದಾದರೆ ಕಂಪನಿ ಅವಳಿಗೆ ಪರಿಹಾರವೆಂದು ಕೊಡುವುದು ಸಾಹೇಬರು ಹೆಣಕ್ಕೆ ಹಾಕಿದ್ದ ಒಂದು ಹೂವಿನ ಹಾರ ಮಾತ್ರ. ಬಬನನಿಗೆ ಇದು ಗೊತ್ತಿತ್ತು. ತನ್ನ ಮನೆಯಲ್ಲಿ ಉಣ್ಣುವ ಐದು ಬಾಯಿಗಳೂ ಗೊತ್ತಿದ್ದವು.

"ನಾನು ಅಲ್ಲಿರಲಿಲ್ಲ ವೈನಿ," ಎಂದ, ಅತ್ತಿಗೆಯೆಂದೇ ಕರೆಯುತ್ತಿದ್ದ ಸುಲಭಾಳತ್ತ ತಿರುಗಿ. "ಸಹಿ ನಂದೇ. ಒಂದನೇ ತಾರೀಕೇ ಹಾಕಿದ್ದು. ಅವನೊಬ್ನೇ ಇದ್ದ. ನಾವೆಲ್ಲ ಒಬ್ಬೊಬ್ರೇ ಹೋಗೋದು."

ಸೌದೆ ಚಟಪಟ ಎಂದಿತು.

"ದುಃಖಕ್ಕೆ ತಲೆ ನೆಟ್ಟಗಿಲ್ಲ," ಎಂದರು ಸಾಹೇಬರು, ಮೆತ್ತಗೆ. "ನಾಳೆಯಿಂದ ಮನೇಲೇ ಇರು ಬಬನ. ಆರಾಮಾಗಿ."

ಸುಲಭಾ ಮಸಣದವರು ಕೊಟ್ಟ ರಸೀದಿ ಚೀಟಿಯನ್ನು ಮಗುಚಿ ಹಿಡಿದಳು. ಕಟ್ಟೆಯ ಮೇಲಿದ್ದ ಪೆನ್ನು ತಂದಳು.

"ಈಗ ಹೇಳಿದ್ದನ್ನೇ ಇದರ ಮೇಲೆ ಬರೀರಿ ಭಾವೋಜಿ."

ಬಬನ ಮೊಣಕಾಲ ಮೇಲಿಟ್ಟು ಬರೆದ. ಕೆಳಗೆ ಸಹಿ ಹಾಕಿದ. ಈ ಸಲ ಆ ದಿನದ ತಾರೀಕನ್ನೇ ಹಾಕಿದ.

ಅವಳು ಚೀಟಿ ತೆಗೆದುಕೊಂಡು ನೀಲಿ ಅಂಗಿಯ ಎಂಟು ಮಂದಿ ಮೆಕ್ಯಾನಿಕ್ಕರ ಕಡೆ ಬಂದಳು. "ಸಾಕ್ಷಿಗೆ ಒಬ್ಬರು ಸಹಿ ಹಾಕಿ. ನೀವೆಲ್ಲ ಇಲ್ಲೇ ಇದ್ರಲ್ಲ. ಕೇಳಿಸ್ಕೊಂಡ್ರಲ್ಲ."

ಗೇಟಿನ ಬಳಿ ಕಾರು ಬಂದಿದ್ದರೂ ಸಾಹೇಬರು ಹೋಗಲಿಲ್ಲ. ಕಾರಿನ ಬಾಗಿಲು ತೆರೆದು ಹಿಡಿದು ನೋಡುತ್ತಾ ನಿಂತರು.

ಶಿರ್ಕೆ ಎರಡೂ ಕೈಗಳನ್ನು ಬೆನ್ನ ಹಿಂದೆ ಒಯ್ದ. ಪಕ್ಕದವನು ಬಗ್ಗಿ ಚಪ್ಪಲಿ ಹುಡುಕತೊಡಗಿದ. ಸುಲಭಾ ಒಬ್ಬನ ಎದುರಿನಿಂದ ಇನ್ನೊಬ್ಬನ ಎದುರಿಗೆ ಸರಿಯುತ್ತಾ ಹೋದಳು, ಪೆನ್ನು ಚಾಚಿಕೊಂಡೇ. ಅದರ ಮೇಲೆ ಬೂದಿಯ ಒಂದು ಎಸಳು ಬಂದು ಕೂತಿತು.