ಪರದೆಯ ಕೆಳಗೆ

“ಮೂವರೂ ಒಂದೇ ಬಸ್ಸಿನಲ್ಲಿ ಬಂದಿರಾ?” ಎಂದಳು ವಿನುತಾ.

“ಹೌದ್ರ ಮೇಡಮ್ಮೋರೆ. ಮಂಜಗುಣಿಂದ ಬೆಳಿಗ್ಗೆ ಬ್ಯಾರೆ ಬಸ್ಸು ಎಲ್ಲದೆ?” ಕಮಲಿ ಸೆರಗಿನಲ್ಲಿ ಮುಖ ಒರೆಸಿಕೊಂಡಳು. “ಸೀಟೂ ಅವ್ನೇ ಹಿಡ್ದ.”

ಅವನೆಂದರೆ ಯೋಗೇಶ, ಕಮಲಿಯ ತಮ್ಮ, ಆರೋಪಿ. ಮೂರು ವರ್ಷದ ಹಿಂದೆ ಅಕ್ಕನ ಮಗಳು ಸ್ವಾತಿಯನ್ನು ಮನೆಗೆಲಸಕ್ಕೆಂದು ಗೋವೆಗೆ ಕರೆದೊಯ್ದು ಮಾರಿದವನು. ಈಗ ಜಾಮೀನಿನ ಮೇಲೆ ಬಂದು, ಕಾರವಾರದ ಕೋರ್ಟಿನ ಜಗುಲಿಯಲ್ಲಿ ಅದೇ ಹುಡುಗಿಗೆ ಚಹಾ ಆರಿಸಿ ಕೊಡುತ್ತಿದ್ದ. ಸಾಕ್ಷಿಯನ್ನು ಆರೋಪಿಯಿಂದ ದೂರವಿಡಬೇಕೆಂದು ಕಾನೂನು ಹೇಳುತ್ತದೆ. ಬಸ್ಸಿನ ವಿಷಯ ಹೇಳುವುದಿಲ್ಲ. ಸರಕಾರಿ ವಕೀಲೆ ವಿನುತಾಗೆ ನಗು ಬಂತು. ಬಂದದ್ದಕ್ಕೆ ಹೇಸಿಗೆಯೂ ಆಯಿತು.

“ಸ್ವಾತಿ ಪೊಲೀಸರಿಗೆ ಹೇಳಿದ್ದನ್ನೇ ಇವತ್ತೂ ಹೇಳಬೇಕು. ಇಲ್ಲದಿದ್ದರೆ ಅವನು ಬಿಡುಗಡೆ.”

ಕಮಲಿ ಗೋಡೆ ನೋಡಿದಳು. “ಇವ್ಳ ಮದ್ವೆ ಗೊತ್ತಾಯ್ತು.”

“ಅದಕ್ಕೂ ಇದಕ್ಕೂ ಏನು?”

“ಸೋದರಮಾವ ಜೈಲಲ್ಲಿದ್ರೆ ಮಂಟಪಕ್ಕೆ ಕೈ ಹಿಡ್ದು ಕರ್ಕಂಡು ಹೋಗೂರು ಯಾರು? ಗಂಡಿನ ಕಡೆಯೋರು ಯಂತಕೆ ಅಂತ ಕೇಳೂದಿಲ್ವಾ?”

ಬೇರೆ ಯಾರಾದರೂ ಕರೆದೊಯ್ಯಲಿ ಎನ್ನಹೊರಟ ವಿನುತಾಗೆ ತನ್ನ ಮದುವೆಯಲ್ಲಿ ಸೋದರಮಾವನ ಬೆವೆತ ಕೈ ನೆನಪಾಯಿತು, ಮುಖ ನೆನಪಾಗಲಿಲ್ಲ.

ಒಳಗೆ, ಹುಡುಗಿಗೆ ಆರೋಪಿ ಕಾಣದಂತೆ ಹಸಿರು ಪರದೆ ನಿಲ್ಲಿಸಿದ್ದರು. ವಿನುತಾಳೇ ಅರ್ಜಿ ಹಾಕಿ ತರಿಸಿದ್ದು. ಅದು ನೆಲ ಮುಟ್ಟುತ್ತಿರಲಿಲ್ಲ. ಗೇಣಗಲ ಸಂದಿ ಉಳಿದಿತ್ತು.

“ನಿನ್ನನ್ನು ಗೋವೆಗೆ ಕರೆದೊಯ್ದವರು ಯಾರು?”

ತನ್ನ ಚಪ್ಪಲಿ ಹೊರಗೆ ಬಿಟ್ಟು ಬಂದಿದ್ದ ಸ್ವಾತಿ, ಪರದೆಯ ಕೆಳಗೆ ಕಾಣುತ್ತಿದ್ದ ಮಾವನ ಚಪ್ಪಲಿಗಳನ್ನೇ ನೋಡುತ್ತಿದ್ದಳು. ಒಂದು ಚಪ್ಪಲಿ ಮೆಲ್ಲಗೆ ನೆಲ ತಟ್ಟಿತು.

“ನಾನೇ ಹೋಗಿದ್ದೆ.”

“ಅಲ್ಲಿ ನಿನ್ನ ಕೋಣೆಗೆ ಬೀಗ ಹಾಕಿದ್ದು?”

“ಯಾರೂ ಹಾಕ್ಲಿಲ್ಲ.”

ಸಾಕ್ಷಿ ಪ್ರತಿಕೂಲ ಎಂದಾಯಿತು. ವಿನುತಾ ಈಗ ತನ್ನ ಸಾಕ್ಷಿಯನ್ನೇ ಪಾಟೀಸವಾಲಿಗೆ ಎಳೆಯಬೇಕು. ಎಳೆದಳು. “ಮಾವನನ್ನು ಉಳಿಸಲು ಸುಳ್ಳು ಹೇಳುತ್ತಿದ್ದೀಯಾ!” ದನಿ ತಾನೆಂದುಕೊಂಡದ್ದಕ್ಕಿಂತ ಜೋರಾಗಿತ್ತು. ಹುಡುಗಿ ಅತ್ತಳು. ಈ ಕೋಣೆಯಲ್ಲಿ ಅವಳನ್ನು ಅಳಿಸಿದವಳು ತಾನೊಬ್ಬಳೇ ಎಂದು ವಿನುತಾಗೆ ಹೊಳೆಯಿತು.

“ಸಾಕು” ಎಂದರು ನ್ಯಾಯಾಧೀಶರು. ಅಬ್ಬ, ಮುಗಿಯಿತಲ್ಲ ಎಂದು ವಿನುತಾಗೆ ಒಳಗೆಲ್ಲೋ ಹಗುರಾದದ್ದು ಸುಳ್ಳಲ್ಲ.

ಸ್ವಾತಿ ಹೊರಟಳು. ಕರೆಯಬೇಕೆಂದು ಎದ್ದ ವಿನುತಾ, ಹುಡುಗಿ ನಿಂತಿದ್ದ ಜಾಗದವರೆಗೆ ಹೋಗಿ ಅಲ್ಲೇ ನಿಂತಳು. ಅಲ್ಲಿಂದ ಯಾರ ಮುಖವೂ ಕಾಣುತ್ತಿರಲಿಲ್ಲ. ಪರದೆಯ ಕೆಳಗೆ ಮಾವನ ಚಪ್ಪಲಿಗಳು ತಿರುಗಿ, ಕಾದು ನಿಂತವು. ಸ್ವಾತಿಯ ಬರಿಗಾಲುಗಳು ಬಂದು ಅವುಗಳ ಪಕ್ಕ ಸೇರಿದವು. ಆಮೇಲೆ ನಾಲ್ಕೂ ಕಾಲುಗಳು, ಮಂಟಪದತ್ತ ಹೋಗುವ ನಿಧಾನದಲ್ಲಿ, ಬಾಗಿಲ ಕಡೆಗೆ ಹೊರಟವು.