ಬಾಗಿದ ಪೈಪಿನಲ್ಲಿ ನಿಂತ ನೀರು

ಸೋಮವಾರ ಬೆಳಿಗ್ಗೆ ಅವಳ ಮೊದಲ ಕೆಲಸ ಚರ್ಚಿನ ಬಟ್ಟೆಗಳು. ಭಾನುವಾರದ ಪೂಜೆಗಳಲ್ಲಿ ಪಾನಪಾತ್ರೆ ಒರೆಸಿದ ಪುಟ್ಟ ಬಿಳಿ ಬಟ್ಟೆಗಳನ್ನು ಮನೆಗೆ ತಂದು ಒಗೆಯುತ್ತಿದ್ದಳು. ಸೋಪು ಮುಟ್ಟಿಸುವ ಮುಂಚೆ ಅವನ್ನು ಬರೀ ನೀರಿನಲ್ಲಿ ನೆನೆಹಾಕಬೇಕು. ಆ ಮೊದಲ ನೀರು ಮೋರಿಗೆ ಹೋಗಕೂಡದು. ಯೇಸುವಿನ ದೇಹ, ರಕ್ತವೆಂದೇ ನಂಬುವ ಪರಮಪ್ರಸಾದದ ಒಂದು ಕಣವೋ ಹನಿಯೋ ಅದರಲ್ಲಿ ಉಳಿದಿರಬಹುದು, ಹಾಗಾಗಿ ಅದು ಮಣ್ಣಿಗೇ ಸೇರಬೇಕು. ಎರಡನೇ ಮಹಡಿಯ ಆ ಮನೆಯಲ್ಲಿ ಮಣ್ಣು ಎಂದರೆ ಬಾಲ್ಕನಿಯ ಕುಂಡ, ಅದರಲ್ಲೊಂದು ನಿಂಬೆ ಗಿಡ. ಹನ್ನೊಂದು ವರ್ಷ ಆ ನೀರು ಕುಡಿದೂ ಅದು ಒಂದು ಕಾಯಿ ಬಿಟ್ಟಿರಲಿಲ್ಲ. ಇಷ್ಟು ಪುಣ್ಯದ ನೀರು ಕುಡಿದೂ ಇದಕ್ಕೆ ಬುದ್ಧಿ ಬಂದಿಲ್ಲ ನೋಡು ಎಂದು ಗಂಡ ನಗುತ್ತಿದ್ದ. ಅವನು ಪ್ಲಂಬರ್. ಅವನು ಹೋಗಿ ಒಂದು ವರ್ಷ ಎರಡು ತಿಂಗಳಾಗಿತ್ತು. ಒಂದು ಗುರುವಾರ, ಇನ್ನೂ ಬಾಗಿಲು ಕೂರಿಸದ ಯಾರದೋ ಹೊಸ ಮನೆಯ ಬಚ್ಚಲಲ್ಲಿ ಎದೆ ಹಿಡಿದುಕೊಂಡು ಕುಸಿದವನು ಮತ್ತೆ ಏಳಲಿಲ್ಲ. ಫಾದರ್ ಓಡಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಆಗಿನಿಂದ ಅಡುಗೆಮನೆಯ ಮೇಜಿಗೆ ಎರಡೇ ತಟ್ಟೆ. ಮಗಳಿಗೆ ಈಗ ಹದಿನಾಲ್ಕು. ಉಪ್ಪು ಬೇಕಾ ಎಂದರೆ ಬೇಡ, ಪರೀಕ್ಷೆ ಹೇಗಾಯ್ತು ಎಂದರೆ ಆಯ್ತು. ಅದರಾಚೆ ಮಾತು ಹೊರಡುತ್ತಿರಲಿಲ್ಲ. ಊಟದ ಹೊತ್ತಿನಲ್ಲಿ ತಾನು ಅಗಿಯುವ ಸದ್ದು ತನಗೇ ಕೇಳಿಸಿ ಅವಳಿಗೆ ಮುಜುಗರವಾಗುತ್ತಿತ್ತು.

ಹಾಗೆಂದು ಅವಳು ಮಕ್ಕಳ ಜೊತೆ ಮಾತು ಬಾರದವಳಲ್ಲ. ಬಿಷಪ್ಪರ ಕೈಯಿಂದ ದೃಢೀಕರಣ ಸಂಸ್ಕಾರ ಪಡೆಯಲು ತಯಾರಾಗುವ, ಮಗಳೂ ಸೇರಿದಂತೆ ಹನ್ನೆರಡು ಮಕ್ಕಳಿಗೆ ಭಾನುವಾರದ ತರಗತಿ ನಡೆಸುವವಳು ಅವಳೇ. ಎದ್ದು ಕೇಳಲು ನಾಚುವವರಿಗಾಗಿ ಶೂ ಡಬ್ಬಿಗೆ ಸೀಳು ಕೊರೆದು ಪ್ರಶ್ನೆಪೆಟ್ಟಿಗೆ ಮಾಡಿದ್ದಳು. ಚೀಟಿಗೆ ಹೆಸರು ಬೇಡ. ಬಿಷಪ್ಪರ ಟೋಪಿ ಗಾಳಿಗೆ ಹಾರಲ್ವಾ ಎಂದು ಒಬ್ಬರು. ನಮ್ಮ ನಾಯಿ ಸ್ವರ್ಗಕ್ಕೆ ಹೋದರೆ ಅಲ್ಲಿರುವ ಬೆಕ್ಕುಗಳ ಗತಿ ಏನು ಎಂದು ಇನ್ನೊಬ್ಬರು. ಅವಳು ಎಲ್ಲವನ್ನೂ ಗಂಭೀರವಾಗಿಯೇ ಓದಿ ಉತ್ತರಿಸುತ್ತಿದ್ದಳು.

ಐದು ವಾರದಿಂದ ಮಾತ್ರ ಒಂದು ಖಾಲಿ ಚೀಟಿ ಬರುತ್ತಿತ್ತು. ಮಡಚಿ ಮಡಚಿ ಉಗುರಿನಷ್ಟು ಚಿಕ್ಕದು ಮಾಡಿದ್ದು, ಒಳಗೆ ಒಂದಕ್ಷರವಿಲ್ಲ. ಹಾಗೆ ಮಡಚುವವರು ಲೋಕದಲ್ಲಿ ಒಬ್ಬರೇ. ಮಗಳ ಶಾಲೆಯ ಸ್ಕರ್ಟಿನ ಜೇಬಿನಿಂದ ಹಾಗೆಯೇ ಮಡಚಿದ ಕಾಗದದ ಚೂರುಗಳನ್ನು ಅವಳು ವಾರವಾರವೂ ಹೆಕ್ಕಿ ಎಸೆಯುತ್ತಿದ್ದಳು. ಭಾನುವಾರದ ಪೂಜೆಯ ಪಾಠ ಮಾಡಿದ ವಾರ ಮೊದಲ ಖಾಲಿ ಚೀಟಿ ಬಂದಿತ್ತು. ಬೇಕೆಂದೇ ಪೂಜೆ ತಪ್ಪಿಸುವುದು ದೊಡ್ಡ ಪಾಪ, ಫಾದರ್ ಮುಂದೆ ಪಾಪನಿವೇದನೆ ಮಾಡದೆ ಸತ್ತರೆ ಸ್ವರ್ಗವಿಲ್ಲ, ಕಾಯಿಲೆಯೋ ಕಾಯಿಲೆಯವರ ಆರೈಕೆಯೋ ಇದ್ದರೆ ಮಾತು ಬೇರೆ ಎಂದು ಪುಸ್ತಕದಲ್ಲಿದ್ದ ಹಾಗೆಯೇ ಹೇಳಿ ಮುಗಿಸಿದ್ದಳು. ಆ ಪಾಠಕ್ಕೂ ಈ ಚೀಟಿಗೂ ಅವಳು ಗಂಟು ಹಾಕಿರಲಿಲ್ಲ. ಕೆದಕಿದರೆ ಮಗಳು ಇನ್ನಷ್ಟು ಮುಚ್ಚಿಕೊಂಡಾಳೆಂದು ಕಾಯುತ್ತಿದ್ದಳು, ಅಷ್ಟೇ. ಸಂಸ್ಕಾರ ಬೇಡಿ ಪ್ರತಿ ಮಗುವೂ ಬಿಷಪ್ಪರಿಗೆ ಸ್ವಂತ ಕೈಯಲ್ಲಿ ಪತ್ರ ಬರೆಯಬೇಕಿತ್ತು. ಹನ್ನೊಂದು ಬಂದಿದ್ದವು.

ಇಂದು ಬಟ್ಟೆಗಳನ್ನು ಬೋಗುಣಿಯ ನೀರಿನಲ್ಲಿ ಅದ್ದಿ ಸಿಂಕಿನ ಪಕ್ಕ ಇಟ್ಟು ಇನ್ನೇನು ಒಂದೊಂದಾಗಿ ಹಿಂಡಬೇಕು, ಬಾಗಿಲ ಗಂಟೆ ಸದ್ದು ಮಾಡಿತು. ಗಂಟೆ ತಾತ. ಚರ್ಚಿನ ಗಂಟೆ ಹೊಡೆಯುವ ಮುದುಕರಿಗೆ ಮಕ್ಕಳಿಟ್ಟ ಹೆಸರು, ಈಗ ಫಾದರ್ ಕೂಡ ಹಾಗೇ ಕರೆಯುತ್ತಿದ್ದರು. ಹತ್ತು ಗಂಟೆಗೆ ಒಂದು ಸಾವಿನ ಪೂಜೆಯಂತೆ, ಇಸ್ತ್ರಿ ಮಾಡಿದ ಬಟ್ಟೆ ಬೇಕಂತೆ.

“ಸಾಯೋರು ನಮ್ಮನ್ನ ಕೇಳ್ಕೊಂಡು ಸಾಯ್ತಾರಾ ಟೀಚರಮ್ಮ,” ಎಂದವರು ಯಾರ ಮುಂದೆ ಆಡಿದೆನೆಂದು ಹೊಳೆದು ನಾಲಿಗೆ ಕಚ್ಚಿಕೊಂಡರು. ಆ ತಪ್ಪು ಮುಚ್ಚಲು ಹೋಗಿ ಇನ್ನೊಂದು ಮಾಡಿದರು. “ಅಲ್ಲಾ, ಪತ್ರ ಎಲ್ಲಾರ್ದೂ ಬಂತಂತೆ, ಟೀಚರ್ ಮಗಳದ್ದೇ ಇಲ್ವಂತೆ?”

ಬರೀತಾಳೆ ತಾತ ಎಂದು ಅವಳು ಮೆಲ್ಲಗೆ ಹೇಳಿ, ಬೀರುವಿನಿಂದ ಮಡಿಕೆ ಹಾಕಿದ ಬಟ್ಟೆಗಳನ್ನು ತಂದುಕೊಟ್ಟು, ಅವರು ಮೆಟ್ಟಿಲು ಇಳಿಯುವವರೆಗೂ ನಿಂತಳು. ಒಳಗೆ ನೀರು ಸುರಿದ ಸದ್ದು ಕೇಳಿಸಿತ್ತು. ಬಾಗಿಲು ಹಾಕಿ ತಿರುಗುವಷ್ಟರಲ್ಲಿ ಕಬ್ಬಿಣ ಕಣಕಣ ಎಂದಿತು.

ಅಡುಗೆಮನೆಯಲ್ಲಿ ಬೋಗುಣಿ ಖಾಲಿ. ಒದ್ದೆ ಬಟ್ಟೆಗಳು ಅದರ ತಳಕ್ಕೆ ಅಂಟಿಕೊಂಡಿದ್ದವು. ಮಗಳು ಸಮವಸ್ತ್ರದಲ್ಲೇ ಸಿಂಕಿನ ಕೆಳಗೆ ಅಂಗಾತ ಮಲಗಿದ್ದಳು, ಕೈಯಲ್ಲಿ ಅಪ್ಪನ ದೊಡ್ಡ ಸ್ಪ್ಯಾನರ್. ವರ್ಷದ ಮೇಲಾಗಿತ್ತು ಅವನ ಸಲಕರಣೆಗಳ ಚೀಲವನ್ನು ಯಾರೂ ತೆರೆದು.

“ಟಿಫಿನ್ ಡಬ್ಬಿ ತೊಳೆಯೋಕ್ ಬಂದೆ. ತಾತ ಹೇಳಿದ್ದು ಕೇಳಿಸ್ತು. ತಲೆ ಎಲ್ಲೋ ಇತ್ತು, ಸುರಿದ್ಬಿಟ್ಟೆ.” ಸ್ಪ್ಯಾನರನ್ನು ಪೈಪಿಗೆ ಕಚ್ಚಿಸಿದಳು. “ಪೂರ್ತಿ ಹೋಗಿರಲ್ಲಮ್ಮ. ಬಾಗಿದ ಪೈಪಲ್ಲಿ ಯಾವಾಗ್ಲೂ ಒಂದಿಷ್ಟು ನೀರು ನಿಂತಿರತ್ತೆ ಅಂತ ಅಪ್ಪ ಹೇಳಿದ್ರು. ನಲ್ಲಿ ತಿರುಗಿಸ್ಬೇಡ.”

ತಾಯಿ ಒಂದು ಚೊಂಬು ಎತ್ತಿಕೊಂಡು ನೆಲಕ್ಕೆ ಕುಳಿತು ಪೈಪಿನ ಕೆಳಗೆ ಹಿಡಿದಳು. ಮಗಳು ಅಪ್ಪ ಮಾಡುತ್ತಿದ್ದ ಹಾಗೆಯೇ ನಾಲಿಗೆಯ ತುದಿ ಹೊರಗಿಟ್ಟು ತಿರುಗಿಸಿದಳು. ತಿರುಪು ಸಡಿಲವಾಗಿ ಅರ್ಧ ಚೊಂಬಿನಷ್ಟು ಮಬ್ಬು ನೀರು ಬಿತ್ತು, ಜೊತೆಗೆ ನಿನ್ನೆಯ ಎರಡು ಅನ್ನದ ಅಗುಳು. ಇಬ್ಬರೂ ಅದನ್ನು ಬಾಲ್ಕನಿಗೆ ಒಯ್ದು ನಿಂಬೆ ಗಿಡದ ಬುಡಕ್ಕೆ ಸುರಿದರು. ಕೆಳಗೆ ಶಾಲೆಯ ಬಸ್ಸು ಬಂದು ನಿಂತು, ಎರಡು ಸಲ ಹಾರ್ನ್ ಹೊಡೆದು ಹೋಯಿತು. ಮಗಳು ಕದಲಲಿಲ್ಲ. ಅವಳೂ ಹೋಗು ಎನ್ನಲಿಲ್ಲ.

“ಇದಕ್ಕೆಲ್ಲ ಹೆದರ್ತಾರಾ ಮರಿ? ನೀನೇನು ಬೇಕಂತ ಮಾಡಿದ್ದಲ್ವಲ್ಲ.”

“ಬೇಕಂತ ಮಾಡಿದ್ರೆ?”

ಪ್ರಶ್ನೆಪೆಟ್ಟಿಗೆಯ ಮುಂದೆ ಇರುವ ಧೈರ್ಯ ಅವಳಿಗೆ ಇಲ್ಲಿರಲಿಲ್ಲ. ಒದ್ದೆ ಕೈಯನ್ನು ಸೆರಗಿಗೆ ಒರೆಸಿ ಮಗಳ ಬೆನ್ನ ಮೇಲಿಟ್ಟಳು. ಆ ಬೆನ್ನು ಇಷ್ಟು ಬಡವಾದದ್ದು ಯಾವಾಗ?

“ಅಪ್ಪ ಹೋಗೋಕ್ ಮುಂಚಿನ ಭಾನುವಾರ,” ಎಂದಳು ಮಗಳು, ಗಿಡವನ್ನೇ ನೋಡುತ್ತ, “ನಂಗೆ ಹೊಟ್ಟೆನೋವಿರ್ಲಿಲ್ಲ.”

ಅವಳಿಗೆ ಆ ಭಾನುವಾರ ನೆನಪಿತ್ತು. ತಾನೊಬ್ಬಳೇ ಪೂಜೆಗೆ ಹೋಗಿದ್ದಳು, ಮಗಳನ್ನು ನೋಡಿಕೊಳ್ಳಲು ಗಂಡ ಮನೆಯಲ್ಲುಳಿದಿದ್ದ. ವಾಪಸು ಬಂದಾಗ ಅಪ್ಪ ಮಗಳು ಕೇರಂ ಆಡುತ್ತಿದ್ದರು. ಒಳ್ಳೇ ಔಷಧಿ ಕಂಡುಹಿಡಿದಿದ್ದೀರಿ ಎಂದು ತಾನೇ ಛೇಡಿಸಿದ್ದಳು.

“ಹತ್ತೇ ನಿಮಿಷಕ್ಕೆ ಅಪ್ಪಂಗೆ ಗೊತ್ತಾಯ್ತು. ನಕ್ಕು, ನಿಮ್ಮಮ್ಮಂಗೆ ಹೇಳ್ಬೇಡ ಅಂತ ಕೇರಂ ಬೋರ್ಡ್ ತೆಗೆದ್ರು. ಎರಡ್ನೇ ಪೂಜೆಗೆ ಹೋಗ್ಬಹುದಿತ್ತು. ನಾನೇ ಕೈ ಹಿಡ್ಕೊಂಡು, ಇನ್ನೊಂದಾಟ ಅಂದೆ.” ಅವಳ ಬೆರಳುಗಳು ಇಲ್ಲದ ಚೀಟಿಯೊಂದನ್ನು ಮಡಚುತ್ತಿದ್ದವು. “ಗೊತ್ತಿದ್ದೂ ತಪ್ಪಿಸಿದ್ರು ಅಂತಾಯ್ತಲ್ವಾ. ಗುರುವಾರ ಫಾದರ್ ಬರೋ ತನಕ ಪಾಪನಿವೇದನೆ ಮಾಡೋಕೂ ಅವ್ರಿಗೆ ಟೈಮ್ ಇರ್ಲಿಲ್ಲ.”

ಮೊದಲ ಸಲ ಅವಳು ಕಣ್ಣೆತ್ತಿ ತಾಯಿಯ ಮುಖ ನೋಡಿದಳು.

“ಅಮ್ಮಾ, ದೇವರು ಅಪ್ಪನ್ನ ಒಳಗೆ ಕರ್ಕೊಂಡಿರ್ತಾನಾ?”