ಒಡೆಸ್ಸಾಳ ಎಡಗೈ

"ಮುಟ್ಟಬೇಡ ಅದನ್ನ. ಅಲ್ಲೇ ಇರಲಿ," ಎಂದ ಲೆಮ್ಯುಯೆಲ್ ಗೇನ್ಸ್.

ಶಿಷ್ಯೆ ಒಡೆಸ್ಸಾ ಕಿವಿಗೆ ಹಾಕಿಕೊಳ್ಳಲಿಲ್ಲ. ಬಸ್ ಚಾಲಕಿಯ ನೀಲಿ ಸಮವಸ್ತ್ರದಲ್ಲೇ ಬಂದವಳು, ಮೂಲೆಯಲ್ಲಿ ಮುಸುಕು ಹೊದ್ದು ನಿಂತಿದ್ದ ಆಳೆತ್ತರದ ತಂತಿವಾದ್ಯ ಬೇಸನ್ನು ಕಿಟಕಿಯ ಬಳಿಗೆ ತಂದು ನಿಲ್ಲಿಸಿದಳು.

ಡೆಟ್ರಾಯಿಟ್‌ನ ಜಾಜ್ ಮಂದಿಗೆಲ್ಲ ಲೆಮ್ ಗೊತ್ತು. ಹರೆಯದಲ್ಲಿ ದೊಡ್ಡ ದೊಡ್ಡ ತಂಡಗಳ ಜೊತೆ ಊರೂರು ಸುತ್ತಿದ್ದವನು, ಮಗಳು ಹುಟ್ಟಿದ ಮೇಲೆ ತಿರುಗಾಟ ಬಿಟ್ಟು ಶಾಲೆಯ ಸಂಗೀತ ಮಾಸ್ತರನಾದ. ನ್ಯೂಯಾರ್ಕಿನ ಅರ್ಧ ಬೇಸ್‌ವಾದಕರು ಇವನ ಮುಂಗೋಣೆಯಲ್ಲೇ ಬೈಸಿಕೊಂಡು ಬೆಳೆದವರೆಂದು ಜನ ಸ್ವಲ್ಪ ಉಪ್ಪುಖಾರ ಹಚ್ಚಿಯೇ ಹೇಳುತ್ತಿದ್ದರು. ಕಳೆದ ಚಳಿಗಾಲ ಪಾರ್ಶ್ವವಾಯು ಬಡಿದು ಎಡಗೈ ಬಿದ್ದುಹೋಯಿತು. ಅಂದಿನಿಂದ ಶಿಷ್ಯರನ್ನು ಬಾಗಿಲಲ್ಲೇ ವಾಪಸು ಕಳಿಸುತ್ತಿದ್ದ.

"ಬೇರೆ ಮೇಷ್ಟ್ರನ್ನ ನೋಡ್ಕೊ ಅಂದಿದ್ನಲ್ಲ. ನುಡಿಸೋಕೇ ಆಗದೋನು ಏನಮ್ಮ ಹೇಳ್ಕೊಡ್ತಾನೆ?"

"ನೋಡ್ದೆ, ಮಿಸ್ಟರ್ ಗೇನ್ಸ್. ಆ ಪುಣ್ಯಾತ್ಮ ಬರೀ ಹೊಗಳ್ತಾನೆ. ನಂಗೆ ಬೈಸ್ಕೊಂಡೇ ಅಭ್ಯಾಸ."

ಅವನನ್ನು ಎತ್ತರದ ಸ್ಟೂಲಿನ ಮೇಲೆ ಕೂರಿಸಿ, ಬೇಸನ್ನು ಎದೆಗೆ ಒರಗಿಸಿ, ತಾನು ಹಿಂದೆ ನಿಂತು ಅದರ ಕತ್ತಿನ ಮೇಲೆ ಎಡಗೈ ಇಟ್ಟಳು. "ನಾನು ಒತ್ತುತೀನಿ. ನೀವು ಮೀಟಿ."

"ಇದೇನು ಸರ್ಕಸ್ಸಾ?"

"ಆಗ್ಲಿ ಬಿಡಿ. ಟಿಕೆಟ್ ತಗೊಂಡು ಯಾರೂ ಬಂದಿಲ್ಲ."

ನಿಧಾನದ ಒಂದು ಬ್ಲೂಸ್ ಧಾಟಿ ಹಿಡಿದರು. ಅವಳ ಬೆರಳು ಮುಂದೆ ಹೋಯಿತು, ಅವನದು ಹಿಂದೆ ಉಳಿಯಿತು. ತಂತಿ ಗೊರಕೆ ಹೊಡೆದಂತೆ ಗೊರಗೊರ ಎಂದಿತು. ಲೆಮ್ ಕೈ ತೆಗೆದು ಬೀದಿಯತ್ತ ನೋಡುತ್ತ ಕುಳಿತ. ಒಡೆಸ್ಸಾ ಕೈ ತೆಗೆಯಲಿಲ್ಲ.

"ಬಸ್ಸನ್ನೂ ಹೀಗೇ ಓಡಿಸ್ತೀಯಾ?" ಎಂದ ಕೊನೆಗೆ. "ಮುದುಕ ಹತ್ತೋಕೆ ಮುಂಚೆ ಬಿಟ್ಟುಬಿಡ್ತೀಯಲ್ಲ. ಒತ್ತಿದ ಮೇಲೆ ನಿಲ್ಲು. ನಾನು ಬರ್ತೀನಿ."

ಅವಳು ನಿಂತಳು. ಅವನು ಬಂದ. ಸ್ವರ ಕಾಲಡಿಯ ಹಲಗೆಯಲ್ಲಿ ಇಳಿದು ಗುಂಯ್ಗುಟ್ಟಿತು. ಇನ್ನೊಂದು ಸುತ್ತು ಬರುವಷ್ಟರಲ್ಲಿ ಅವನು ಬಾಯಿಬಿಟ್ಟು ಹೇಳಬೇಕಾಗಲಿಲ್ಲ. ತಲೆ ಓರೆ ಮಾಡಿದರೆ ಅವಳ ಬೆರಳು ಅತ್ತ ಸರಿಯುತ್ತಿತ್ತು.

ಅಡುಗೆಮನೆಯಲ್ಲಿ ತಟ್ಟೆಗಳ ಸದ್ದು ನಿಂತಿತು. ಹೆಂಡತಿ ಅರ್ಲೀನ್ ಬಾಗಿಲಿಗೆ ಬಂದಳು. ಇಷ್ಟು ತಿಂಗಳು ಅವನ ಮುಂದೆ ಬೇಸಿನ ಮಾತೆತ್ತಲು ಹೆದರಿದ್ದವಳು ಅವಳು.

"ಲೆಮ್, ತಾಳ ಎಳೀತಿದೆ ಕಣೋ."

"ಅವಳದು," ಎಂದ ಲೆಮ್.

"ಅವರದು," ಎಂದಳು ಒಡೆಸ್ಸಾ.

ಇಬ್ಬರೂ ನಿಲ್ಲಿಸಲಿಲ್ಲ. ಅರ್ಲೀನ್ ಚೌಕಟ್ಟಿಗೆ ಒರಗಿ ನಿಂತೇ ಇದ್ದಳು. ಒರೆಸಿಕೊಳ್ಳಲು ಮರೆತ ಅವಳ ಕೈಗಳಿಂದ ಸೋಪಿನ ನೊರೆ ತೊಟ್ಟುತೊಟ್ಟಾಗಿ ನೆಲಕ್ಕೆ ಬೀಳುತ್ತಿತ್ತು.